ಎಂಟು ಭಾನುವಾರ, ಏಳೂವರೆ ಸಾವಿರ: ಇಂಗ್ಲಿಷ್ ರಿಪೋರ್ಟ್ ಬರೆಯುವ ಕ್ಲಾಸಿಗೆ ಹೋಗಿ ಬಂದೆ

ಮೊದಲೇ ಹೇಳಿಬಿಡುತ್ತೇನೆ, ಕ್ಲಾಸಿನ ಹೆಸರು ಹಾಕುವುದಿಲ್ಲ. ರಾಜಾಜಿನಗರದ ಕಡೆ ಒಂದು ಕಾಂಡಿಮೆಂಟ್ಸ್ ಅಂಗಡಿ, ಅದರ ಮೇಲಿನ ಮಹಡಿ. ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆ, ಎಂಟು ವಾರ, ಫೀಸು 7,500 ರೂಪಾಯಿ. ನಡೆಸುವವರು ಇಬ್ಬರೇ. ಬೈಯುವುದೂ ಇದೆ, ಹೊಗಳುವುದೂ ಇದೆ, ಹೆಸರು ಹಾಕಿದರೆ ಜನ ಬೈದಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅದು ಬೇಡ. ಬೆಂಗಳೂರಿನಲ್ಲಿ ಇಂಥ ಕ್ಲಾಸು ಬೀದಿಗೊಂದಿದೆ. ದುಡ್ಡು ಕಟ್ಟುವ ಮುಂಚೆ ಏನು ಕೇಳಬೇಕು ಅಂತ ಯಾರಿಗಾದರೂ ಗೊತ್ತಾದರೆ ಸಾಕು.

ನಾನು ತಿಪಟೂರು ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ, ಈಗ ಒಂಬತ್ತು ವರ್ಷದಿಂದ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಡಿಪಾರ್ಟ್‌ಮೆಂಟ್. ಬೋರ್ ಗೇಜ್ (ಲೋಹದ ಭಾಗದಲ್ಲಿ ಕೊರೆದ ರಂಧ್ರಕ್ಕೆ ಬೋರ್ ಅಂತಾರೆ, ಅದನ್ನು ಅಳೆಯುವ ಉಪಕರಣ) ಕೈಗೆ ಕೊಟ್ಟರೆ ಯಾರಿಗೂ ಹೆದರುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಪುಟ ಬರೆದುಕೊಡಿ ಅಂದರೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಮಾತಾಡುವುದು ಹೇಗೋ ನಡೆಯುತ್ತದೆ, ಫೋನಿನಲ್ಲಿ 'ಯೆಸ್ ಸರ್, ಓಕೆ ಸರ್, ವಿ ವಿಲ್ ಚೆಕ್ ಸರ್' ಅಂತ ಮೂರೇ ಮಾತಿನಲ್ಲಿ ಇಷ್ಟು ವರ್ಷ ತಳ್ಳಿದ್ದೇನೆ. ಬರೆಯುವಾಗ ಹಾಗೆ ತಳ್ಳೋಕಾಗಲ್ಲ. ಬರೆದಿದ್ದು ಹಾಗೇ ಕೂತುಬಿಡುತ್ತದೆ, ಅಲ್ವಾ.

ಹೋದ ವರ್ಷ ಪುಣೆಯ ಕಸ್ಟಮರ್ ಕಡೆಯಿಂದ ಒಂದು ಕಂಪ್ಲೇಂಟ್ ಬಂತು. 25 ಮಿಲಿಮೀಟರ್ ಬೋರ್, ಎಚ್7 ಟಾಲರೆನ್ಸ್. ಅಂದರೆ 25.000ದಿಂದ 25.021ರ ಒಳಗೆ ಇರಬೇಕು. ನಾಲ್ಕು ಪೀಸು 25.034 ಬಂದಿತ್ತು. 8ಡಿ ರಿಪೋರ್ಟ್ ಕೊಡಿ ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, 8ಡಿ ಅಂದರೆ ಎಂಟು ಹೆಜ್ಜೆಯ ರಿಪೋರ್ಟ್. ಫೋರ್ಡ್ ಕಂಪನಿಯವರು 1980ರ ದಶಕದಲ್ಲಿ ಶುರು ಮಾಡಿದ್ದು, ಈಗ ಗಾಡಿ ಬಿಡಿಭಾಗ ಮಾಡುವ ಎಲ್ಲರ ಕುತ್ತಿಗೆಗೂ ಬಿದ್ದಿದೆ. ಟೀಮಿನಲ್ಲಿ ಯಾರಿದ್ದಾರೆ, ತೊಂದರೆ ಏನು, ಸದ್ಯಕ್ಕೆ ಏನು ತಡೆ ಹಾಕಿದಿರಿ, ಮೂಲ ಕಾರಣ ಏನು, ಅದಕ್ಕೆ ಪರಿಹಾರ ಏನು, ಆ ಪರಿಹಾರ ಜಾರಿ ಮಾಡಿದಿರಾ, ಮತ್ತೆ ಆಗದ ಹಾಗೆ ಏನು ಬದಲಾಯಿಸಿದಿರಿ. ಎಂಟನೆಯದು ಟೀಮಿಗೆ ಅಭಿನಂದನೆ. ನಮ್ಮಲ್ಲಿ ಈ ಎಂಟನೆಯದನ್ನು ಯಾರೂ ತುಂಬಿದ್ದು ನಾನು ನೋಡಿಲ್ಲ.

ನಾನು ಮೂಲ ಕಾರಣದ ಜಾಗದಲ್ಲಿ ಬರೆದಿದ್ದು ಇಷ್ಟು: 'ಯೆಸ್ಟರ್‌ಡೇ ನೈಟ್ ಶಿಫ್ಟ್ ಆಪರೇಟರ್ ನಾಟ್ ಚೆಕ್ಡ್ ಆಫ್‌ಸೆಟ್, ಸೋ ಬೋರ್ ಕೇಮ್ ಓವರ್‌ಸೈಜ್. ವಿ ಹ್ಯಾವ್ ವಾರ್ನ್ಡ್ ಹಿಮ್ ಸ್ಟ್ರಿಕ್ಟ್‌ಲಿ. ಕೈಂಡ್ಲಿ ಡು ದ ನೀಡ್‌ಫುಲ್.' ಆಫ್‌ಸೆಟ್ ಅಂದರೆ ಟೂಲನ್ನು ಎಷ್ಟು ಸರಿಸಬೇಕು ಅಂತ ಮೆಷಿನ್ನಿಗೆ ಕೊಡುವ ತಿದ್ದುಪಡಿ ಅಳತೆ. ಮಾರನೇ ದಿನ ಉತ್ತರ ಬಂತು. ಯಾವ ತಾರೀಖಿನ 'ಯೆಸ್ಟರ್‌ಡೇ'? ಯಾವ ಮೆಷಿನ್? ಎಷ್ಟು ಪೀಸು? ಆಪರೇಟರ್ ಚೆಕ್ ಮಾಡಲಿಲ್ಲ ಅನ್ನುವುದು ನಿಮಗೆ ಹೇಗೆ ಗೊತ್ತು? ಕೊನೆಯಲ್ಲಿ ಒಂದು ಸಾಲು, 'ನೀಡ್‌ಫುಲ್' ಅಂದರೆ ನಾವೇನು ಮಾಡಬೇಕು? ಮ್ಯಾನೇಜರ್ ಅದನ್ನು ಪ್ರಿಂಟ್ ತೆಗೆದು ನನ್ನ ಟೇಬಲ್ ಮೇಲೆ ಇಟ್ಟು ಏನೂ ಮಾತಾಡದೆ ಹೋದರು. ಬೈದಿದ್ದರೆ ಪರವಾಗಿರಲಿಲ್ಲ. ಆ ವಾರವೇ ಫೀಸು ಕಟ್ಟಿದೆ.

ಮೊದಲ ಎರಡು ಭಾನುವಾರ ದಂಡ. ನಡೆಸುವ ಮೇಡಂ ಒಳ್ಳೆಯವರು, ಪಾಠವೂ ಸ್ಪಷ್ಟ. ಆದರೆ ನಾಮಪದ, ಕ್ರಿಯಾಪದ, ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್, 'ರಾಮ ಈಟ್ಸ್ ಎ ಮ್ಯಾಂಗೋ', 'ಎ ಮ್ಯಾಂಗೋ ಈಸ್ ಈಟನ್ ಬೈ ರಾಮ'. ಇದನ್ನು ಎಂಟನೇ ಕ್ಲಾಸಿನಲ್ಲೂ ಮಾಡಿದ್ದೆ, ಆಗಲೂ ಆ ಮಾವಿನ ಹಣ್ಣು ಯಾಕೆ ತಿರುಗಾಮುರುಗಾ ಆಗುತ್ತದೆ ಅಂತ ಗೊತ್ತಾಗಿರಲಿಲ್ಲ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ಒಂದು ನೋಟ್ಸ್ ಕೊಟ್ಟರು, ಅದಕ್ಕೆ ಬೇರೆ 350 ರೂಪಾಯಿ. ಅದರಲ್ಲಿ ಅರ್ಧ ಎಂಬಿಎ ಹುಡುಗರಿಗೆ ಮಾಡಿದ್ದು, ಇನ್ನರ್ಧ ಯಾವುದೋ ಕಾಲದ ಸರ್ಕಾರಿ ಪತ್ರದ ಭಾಷೆ. 'ಐ ಬೆಗ್ ಟು ಸ್ಟೇಟ್' ಅಂತ ಶುರುವಾಗುವ ಮಾದರಿ ಒಂದಿತ್ತು. ಸುಮ್ನೆ ಬೇಡಿಕೊಳ್ಳುವುದು ಯಾಕೆ ಅಂತ ಪಕ್ಕದಲ್ಲಿ ಕೂತಿದ್ದ ಹುಡುಗ ಪಿಸುಗುಟ್ಟಿದ.

ಇನ್ನೊಂದು ಕಲಸುಮೇಲೋಗರ ಇತ್ತು. ನಮ್ಮ ಬ್ಯಾಚಿನಲ್ಲಿ ಇಬ್ಬರು ಐಇಎಲ್‌ಟಿಎಸ್‌ಗೆ, ಅಂದರೆ ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗೆ ಬಂದವರು. ಅವರಿಗೆ ಬೇಕಾಗಿದ್ದು ಅಕಾಡೆಮಿಕ್ ಪರೀಕ್ಷೆಯ ಮೊದಲ ಟಾಸ್ಕ್. ಒಂದು ಗ್ರಾಫೋ ಟೇಬಲ್ಲೋ ಕೊಡುತ್ತಾರೆ, ಸುಮಾರು 20 ನಿಮಿಷದಲ್ಲಿ ಕಡಿಮೆ ಅಂದರೆ 150 ಪದದಲ್ಲಿ ಅದರಲ್ಲಿ ಏನಿದೆ ಅಂತ ಹೇಳಬೇಕು. ಅಲ್ಲಿ ಗ್ರಾಫಿನಲ್ಲಿ ಇರುವುದನ್ನು ಬಿಟ್ಟು ಸ್ವಂತ ಕಾರಣ, ಸಲಹೆ ಎಲ್ಲ ಸೇರಿಸುವ ಹಾಗಿಲ್ಲ. ನಮ್ಮಂಥವರಿಗೆ ಬೇಕಾಗಿದ್ದು ಸರಿಯಾಗಿ ಅದರ ಉಲ್ಟಾ, ಕಾರಣ ಮತ್ತು ಮುಂದೇನು ಅನ್ನುವುದೇ ಇಲ್ಲಿ ಮುಖ್ಯ. ಕೇಂಬ್ರಿಜ್‌ನವರ ಬಿ2 ಫಸ್ಟ್ ಪರೀಕ್ಷೆಯಲ್ಲೂ ರಿಪೋರ್ಟ್ ಅಂತ ಒಂದು ಪ್ರಶ್ನೆ ಬರಬಹುದು, 140ರಿಂದ 190 ಪದ, ಅಲ್ಲಿ ಶಿಫಾರಸು ಬರೆಯಬೇಕಾಗುತ್ತದೆ. ಎಲ್ಲದಕ್ಕೂ ಹೆಸರು ರಿಪೋರ್ಟೇ, ಒಳಗೆ ಬೇರೆ ಬೇರೆ. ಪರೀಕ್ಷೆಯವರನ್ನೂ ಕೆಲಸದವರನ್ನೂ ಒಂದೇ ರೂಮಿನಲ್ಲಿ ಕೂರಿಸಿದ್ದು ಕ್ಲಾಸಿನವರ ತಪ್ಪು. ನೀವು ಸೇರುವುದಾದರೆ ಮೊದಲು ಇದನ್ನೇ ಕೇಳಿ, ಪರೀಕ್ಷೆಗೋ ಕೆಲಸಕ್ಕೋ ಅಂತ.

ಮೂರನೇ ವಾರ ಸರ್ ಬಂದರು. ಎಪ್ಪತ್ತರ ಹತ್ತಿರ ವಯಸ್ಸು, ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ರಿಟೈರ್ ಆದವರು. ಶರ್ಟಿನ ಜೇಬಿನಲ್ಲಿ ಎರಡು ಕೆಂಪು ಪೆನ್ನು. ಪಾಠ ಮಾಡಲೇ ಇಲ್ಲ. ಎಲ್ಲರೂ ಒಂದೊಂದು ಪುಟ ಬರೆಯಿರಿ, ನಿಮ್ಮ ಕೆಲಸದಲ್ಲಿ ಆದ ಒಂದು ಎಡವಟ್ಟು, ಅರ್ಧ ಗಂಟೆ ಅಂದರು. ಬರೆದಿದ್ದನ್ನು ನಾವೇ ಜೋರಾಗಿ ಓದಬೇಕು.

ಮೊದಲು ಓದಿದ್ದು ಒಬ್ಬ ನರ್ಸ್. ನಾವೆಲ್ಲ ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು. ರಾತ್ರಿ ಪಾಳಿಯಲ್ಲಿ ಪೇಷಂಟ್ ಒಬ್ಬರು ಮಂಚದಿಂದ ಬಿದ್ದ ಕಥೆ. 'ಪೇಷಂಟ್ ಫೆಲ್ ಡೌನ್ ಫ್ರಮ್ ಬೆಡ್ ಅಟ್ 3 ಎಎಂ' ಅಂತ ಬರೆದಿದ್ದರು.

"ನೀವು ನೋಡಿದಿರೇನಮ್ಮಾ?" ಸರ್ ಕೇಳಿದರು.

"ಇಲ್ಲ ಸರ್. ನಾನು ಹೋದಾಗ ಕೆಳಗೆ ಕೂತಿದ್ದರು. ಪಕ್ಕದ ಬೆಡ್ಡಿನವರು ಹೇಳಿದರು, ಬಿದ್ದರಂತೆ ಅಂತ."

"ಆ 'ಅಂತೆ' ಎಲ್ಲಿ ಹೋಯಿತು ಇಂಗ್ಲಿಷಿನಲ್ಲಿ?"

ರೂಮು ತಣ್ಣಗಾಯಿತು. ನನ್ನ ಪ್ರಕಾರ ಏಳೂವರೆ ಸಾವಿರದಲ್ಲಿ ಐದು ಸಾವಿರ ಈ ಒಂದು ಪ್ರಶ್ನೆಗೇ ಆಯಿತು.

ಯಾಕಂದರೆ ನಾವು ಕನ್ನಡದಲ್ಲಿ ಮಾತಾಡುವಾಗ ಇದನ್ನು ತಪ್ಪುವುದೇ ಇಲ್ಲ. ಕಣ್ಣಾರೆ ನೋಡಿದರೆ 'ಬಿದ್ದರು'. ಯಾರೋ ಹೇಳಿದರೆ 'ಬಿದ್ದರಂತೆ'. ಊಹೆಯಾದರೆ 'ಬಿದ್ದಿರಬೇಕು', ಅದೂ ಗಟ್ಟಿ ಇಲ್ಲದಿದ್ದರೆ 'ಬಿದ್ದಿರಬಹುದು'. ನಮ್ಮ ಅಜ್ಜಿ ಸ್ಕೂಲಿಗೇ ಹೋದವರಲ್ಲ, ಅವರು ಕೂಡ ಪಕ್ಕದ ಮನೆ ಜಗಳ ಹೇಳುವಾಗ ಇದನ್ನು ಒಂದು ಸಲವೂ ತಪ್ಪಿದವರಲ್ಲ. ಇಂಗ್ಲಿಷಿಗೆ ಬರುವಾಗ ಆ ಬಾಲವೆಲ್ಲ ಉದುರಿಹೋಗಿ ಎಲ್ಲವೂ 'ಫೆಲ್' ಆಗಿಬಿಡುತ್ತದೆ. ಸರ್ ಬೋರ್ಡ್ ಮೇಲೆ ಮೂರು ಸಾಲು ಬರೆದರು. ನೋಡಿದ್ದಕ್ಕೆ: 'ದ ಪೇಷಂಟ್ ವಾಸ್ ಫೌಂಡ್ ಸಿಟ್ಟಿಂಗ್ ಆನ್ ದ ಫ್ಲೋರ್'. ಕೇಳಿದ್ದಕ್ಕೆ: 'ದ ಪೇಷಂಟ್ ಇನ್ ದ ನೆಕ್ಸ್ಟ್ ಬೆಡ್ ಸೆಡ್ ದಟ್ ಶಿ ಹ್ಯಾಡ್ ಫಾಲನ್'. ಊಹೆಗೆ: 'ಶಿ ಮೇ ಹ್ಯಾವ್ ಫಾಲನ್'. ಸಿಸ್ಟರ್ ಆಮೇಲೆ ಹೇಳಿದರು, ಆಸ್ಪತ್ರೆಯಲ್ಲಿ ಸೀನಿಯರ್‌ಗಳು ಇದನ್ನೇ ಹೇಳುತ್ತಿದ್ದರಂತೆ, ನೋಡದೇ ಇದ್ದರೆ 'ಬಿದ್ದರು' ಅಂತ ಬರೆಯಬೇಡಿ, 'ಕೆಳಗೆ ಇದ್ದರು' ಅಂತ ಬರೆಯಿರಿ ಅಂತ. ಯಾಕೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನನ್ನ ತಲೆಯಲ್ಲಿ ಪುಣೆಯವರ ಪ್ರಶ್ನೆ ತಿರುಗುತ್ತಿತ್ತು. ಆಪರೇಟರ್ ಚೆಕ್ ಮಾಡಲಿಲ್ಲ ಅನ್ನುವುದು ನಿಮಗೆ ಹೇಗೆ ಗೊತ್ತು? ನಿಜವಾಗಿ ನನಗೆ ಗೊತ್ತಿರಲಿಲ್ಲ. ಸೂಪರ್‌ವೈಸರ್ ಹೇಳಿದ್ದು. ಚೆಕ್ ಮಾಡಲಿಲ್ಲವಂತೆ.

ಆಮೇಲೆ ನನ್ನ ಸರದಿ. ಓದಿ ಮುಗಿಸುವ ಹೊತ್ತಿಗೆ ನನ್ನ ಹಾಳೆಯಲ್ಲಿ ಕೆಂಪು ಇಂಕೇ ಜಾಸ್ತಿ ಇತ್ತು. 'ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಮ್' ಅಂತ ಬರೆದಿದ್ದೆ. 'ಅಬೌಟ್' ಹೊಡೆದರು. 'ಇನ್ಫಾರ್ಮ್ಡ್ ಟು ಆಪರೇಟರ್', 'ಟು' ಹೊಡೆದರು. ಇವು ಎಲ್ಲಿಂದ ಬರುತ್ತವೆ ಗೊತ್ತಾ ಅಂದರು. ತೊಂದರೆಯ 'ಬಗ್ಗೆ' ಚರ್ಚಿಸಿದೆವು, ಅದಕ್ಕೆ 'ಅಬೌಟ್'. ಆಪರೇಟರ್'ಗೆ' ತಿಳಿಸಿದೆವು, ಅದಕ್ಕೆ 'ಟು'. ಕನ್ನಡದ ಬಾಲವನ್ನು ಬಿಡಬೇಕಾದ ಕಡೆ ಹಿಡಿದುಕೊಳ್ಳುತ್ತೀರಿ, ಹಿಡಿದುಕೊಳ್ಳಬೇಕಾದ 'ಅಂತೆ'ಯನ್ನು ಬಿಡುತ್ತೀರಿ ಅಂತ ನಕ್ಕರು. ತಪ್ಪು ಮಾಡಿದ್ದು ಯಾಕೆ ಅಂತ ಗೊತ್ತಾದರೆ ನಾಚಿಕೆ ಅರ್ಧ ಇಳಿಯುತ್ತದೆ. ನನಗಂತೂ ಇಳಿಯಿತು.

'ಎ' ಮತ್ತು 'ದ' ಬಗ್ಗೆ ನನಗೆ ಜೀವನದಲ್ಲಿ ಮೊದಲ ಸಲ ಏನೋ ಅರ್ಥವಾಗಿದ್ದು ಆ ರೂಮಿನಲ್ಲೇ. ಸರ್ ಕೇಳಿದರು, ಅಜ್ಜಿ ಕಥೆ ಹೇಗೆ ಶುರುವಾಗುತ್ತದೆ? ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆಮೇಲೆ? ಆ ರಾಜನಿಗೆ ಮೂರು ಜನ ಹೆಂಡತಿಯರು. ಮೊದಲು 'ಒಬ್ಬ' ರಾಜ, ಆಮೇಲೆ 'ಆ' ರಾಜ. ಅಷ್ಟೇ. ಓದುವವನಿಗೆ ಯಾವುದು ಅಂತ ಇನ್ನೂ ಗೊತ್ತಿಲ್ಲದಿದ್ದರೆ 'ಎ', ಗೊತ್ತಿದ್ದರೆ 'ದ'. ಇದು ಎಲ್ಲ ಕಡೆ ಕೆಲಸ ಮಾಡಲ್ಲ, ಅವರೇ ಒಪ್ಪಿಕೊಂಡರು. ಆದರೆ ನನ್ನ ರಿಪೋರ್ಟಿನಲ್ಲಿ ಹತ್ತಕ್ಕೆ ಏಳು ಕಡೆ ಕೆಲಸ ಮಾಡಿತು. ಮತ್ತೆ ನೋಡಿ, 'ಆಪರೇಟರ್ ಸ್ಟಾಪ್ಡ್ ಮೆಷಿನ್' ಅಂತ ಬರೆದಾಗ ಯಾವ ಆಪರೇಟರ್, ಯಾವ ಮೆಷಿನ್ ಅಂತ ಪುಣೆಯವರು ಕೇಳಿದ್ದು ಇದೇ ಸಂದಿಯಿಂದ. 'ದ' ಹಾಕಲು ಹೋದರೆ ಯಾವುದು ಅಂತ ನಾನೇ ಮೊದಲು ಹೇಳಿರಬೇಕಾಗುತ್ತದೆ.

ಪ್ಯಾಸಿವ್ ವಾಯ್ಸ್ ಮತ್ತೆ ಬಂತು, ಈ ಸಲ ಮಾವಿನ ಹಣ್ಣಿಲ್ಲದೆ. ಬೋರ್ ಅಳೆದವರು ಯಾರು ಅನ್ನುವುದು ಮುಖ್ಯವಲ್ಲ, ಯಾವುದರಲ್ಲಿ ಅಳೆದರು ಅನ್ನುವುದು ಮುಖ್ಯ. ಅಲ್ಲಿ 'ದ ಬೋರ್ ವಾಸ್ ಮೆಷರ್ಡ್ ವಿತ್ ಆನ್ ಏರ್ ಗೇಜ್' ಸರಿಯಾಗಿದೆ. ಆದರೆ 'ದ ಆಫ್‌ಸೆಟ್ ವಾಸ್ ನಾಟ್ ಚೆಕ್ಡ್' ಅಂದರೆ ಯಾರು ಚೆಕ್ ಮಾಡಬೇಕಿತ್ತು ಅನ್ನುವುದು ಬಚ್ಚಿಟ್ಟ ಹಾಗೆ. ಸರ್ ಕೊಟ್ಟ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ: 'ಸೂಕ್ತ ಕ್ರಮ ಕೈಗೊಳ್ಳಲಾಗುವುದು'. ಯಾರು ಕೈಗೊಳ್ಳುತ್ತಾರೆ? ಯಾವತ್ತು? ರೂಮೆಲ್ಲ ನಗು. ನಮ್ಮ ಏರಿಯಾದ ಚರಂಡಿಗೆ ಇದೇ ಸಾಲು ಮೂರು ವರ್ಷದಿಂದ ಬರುತ್ತಿದೆ ಅಂತ ಹಿಂದಿನಿಂದ ಯಾರೋ ಅಂದರು. ಇಂಗ್ಲಿಷಿನಲ್ಲಿ 'ನೆಸೆಸರಿ ಆಕ್ಷನ್ ವಿಲ್ ಬಿ ಟೇಕನ್ ಅಟ್ ದ ಅರ್ಲಿಯೆಸ್ಟ್' ಅಂತ ನಾವು ಬರೆಯುವುದು ಇದರದೇ ಅನುವಾದ. 'ವಿಲ್' ಬರೆದರೆ ಪಕ್ಕದಲ್ಲಿ ಒಂದು ಹೆಸರು, ಒಂದು ತಾರೀಖು ಇರಬೇಕು ಅನ್ನುವುದು ಅವರ ನಿಯಮ. ಇಲ್ಲದಿದ್ದರೆ ಆ ಸಾಲನ್ನೇ ಹೊಡೆಯುತ್ತಿದ್ದರು.

ಐದನೇ ವಾರ ಒಂದು ಸ್ಲೈಡಿನ ಪ್ರಿಂಟ್ ತಂದಿದ್ದರು. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಸುಟ್ಟುಹೋಯಿತಲ್ಲ, ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಆ ನೌಕೆ ಮೇಲೇರುವಾಗ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಎದ್ದು ರೆಕ್ಕೆಗೆ ಹೊಡೆದಿತ್ತು. ಅದರಿಂದ ಅಪಾಯ ಇದೆಯಾ ಅಂತ, ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಮಾಡಿದ ಸ್ಲೈಡು ಅದು. ಮೇಲಿನ ಶೀರ್ಷಿಕೆ ಓದಿದರೆ ಏನೂ ಆಗಲ್ಲ ಅನ್ನಿಸುತ್ತದೆ. ಎಲ್ಲಕ್ಕಿಂತ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಫೋಮ್ ತುಂಡು ಸುಮಾರು 1,920 ಘನ ಅಂಗುಲ, ಪರೀಕ್ಷೆ ಮಾಡಿದ ತುಂಡು 3 ಘನ ಅಂಗುಲ ಅಂತ ಇದೆ. ಅಂದರೆ ಪರೀಕ್ಷೆ ಮಾಡಿದ್ದಕ್ಕಿಂತ 640 ಪಟ್ಟು ದೊಡ್ಡದು. ಅದೇ ಸ್ಲೈಡಿನಲ್ಲಿ 'ಸಿಗ್ನಿಫಿಕೆಂಟ್' ಅನ್ನುವ ಪದ ಬೇರೆ ಬೇರೆ ರೂಪದಲ್ಲಿ ಐದು ಸಲ ಬರುತ್ತದೆ, ಒಂದು ಕಡೆಯೂ ಎಷ್ಟು ಅಂತ ಇಲ್ಲ. ಅಪಘಾತದ ತನಿಖಾ ಮಂಡಳಿ ತನ್ನ ವರದಿಯಲ್ಲಿ ಇದನ್ನು ಎತ್ತಿ ತೋರಿಸಿತ್ತು. ಇದನ್ನು ಬರೆದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಾ ಅಂತ ಸರ್ ಕೇಳಿದರು. ಅವರ ಮನೆ ಭಾಷೆಯೇ ಅದು.

ಅವತ್ತು ಮನೆಗೆ ಹೋಗುವಾಗ ಮೆಟ್ರೋದಲ್ಲಿ ನಾನು ಯೋಚನೆ ಮಾಡಿದ್ದು ಇಷ್ಟೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಕಥೆಯಲ್ಲೂ ಮುಖ್ಯ ವಿಷಯ ಕೊನೆಗೆ. ಮದುವೆಗೆ ಕರೆಯಲು ಬಂದವರು ಕೂಡ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೊರಡುವಾಗ ಪತ್ರಿಕೆ ಕೈಗಿಡುತ್ತಾರೆ. ನಾನೂ ರಿಪೋರ್ಟನ್ನು ಹಾಗೇ ಬರೆಯುತ್ತಿದ್ದೆ. ಮೆಷಿನ್ ಯಾವಾಗ ಕೊಂಡಿದ್ದು, ಆಪರೇಟರಿಗೆ ಎಷ್ಟು ವರ್ಷ ಅನುಭವ, ಆ ದಿನ ಕರೆಂಟ್ ಹೋಗಿದ್ದು, ಎಲ್ಲ ಆದಮೇಲೆ ಕೊನೆಗೆ ಎಷ್ಟು ಪೀಸು ಕೆಟ್ಟಿತು ಅಂತ.

ಈಗ ಬೈಯುವ ಭಾಗ. ಸೇರುವಾಗ 12 ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳಲ್ಲ ಅಂದಿದ್ದರು, 22 ಜನ ಇದ್ದೆವು. ಕುರ್ಚಿ 18. ತಡವಾಗಿ ಬಂದವರು ಕಿಟಕಿ ಕಟ್ಟೆ ಮೇಲೆ. 'ಪ್ರತಿ ವಾರ ಪ್ರತಿಯೊಬ್ಬರ ಬರವಣಿಗೆ ತಿದ್ದಿಕೊಡುತ್ತೇವೆ' ಅಂತ ಪಾಂಪ್ಲೆಟ್‌ನಲ್ಲಿತ್ತು. ನನ್ನ ಹಾಳೆ ಎಂಟು ವಾರದಲ್ಲಿ ತಿದ್ದಿಸಿಕೊಂಡಿದ್ದು ಮೂರು ಸಲ, ಅದೂ ನಾನು ಕ್ಲಾಸು ಬಿಟ್ಟ ಮೇಲೆ ಸರ್ ಹಿಂದೆ ಮೆಟ್ಟಿಲು ಇಳಿದುಕೊಂಡು ಹೋಗಿ ಕೊಟ್ಟಿದ್ದಕ್ಕೆ. ಸರ್ ಬಂದಿದ್ದು ಎಂಟರಲ್ಲಿ ನಾಲ್ಕೇ ವಾರ. ಇದನ್ನು ಸೇರುವಾಗ ಯಾರೂ ಹೇಳಿರಲಿಲ್ಲ. ಏಳನೇ ವಾರದ ಕ್ಲಾಸು ಬೆಳಿಗ್ಗೆ 9.40ಕ್ಕೆ ವಾಟ್ಸಾಪ್‌ನಲ್ಲಿ ಕ್ಯಾನ್ಸಲ್ ಆಯಿತು. ನಾನು ಆಗಲೇ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದ್ದೆ. ಬದಲಿಗೆ ಒಂದು ವಿಡಿಯೋ ಕಳಿಸಿದರು, ಅದು ಮತ್ತೆ ರಾಮ ಮತ್ತು ಮಾವಿನ ಹಣ್ಣು. ಆ ಗ್ರೂಪಿನಲ್ಲಿ ಈಗಲೂ ವಾರಕ್ಕೆ ಎರಡು ಸಲ ಹೊಸ ಬ್ಯಾಚಿನ ಜಾಹೀರಾತು ಬರುತ್ತದೆ. ಸರ್ಟಿಫಿಕೇಟ್‌ಗೆ 500 ಬೇರೆ. ನಾನು ತೆಗೆದುಕೊಳ್ಳಲಿಲ್ಲ, ಪುಣೆಯವರು ಸರ್ಟಿಫಿಕೇಟ್ ಕೇಳಿರಲಿಲ್ಲವಲ್ಲ.

ದುಡ್ಡು ಕೊಡದೆ ಕಲಿಯೋಕಾಗಲ್ವಾ ಅಂತ ಕೇಳಬಹುದು. ಅರ್ಧ ಆಗುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರ ಔಲ್ ಅನ್ನುವ ಬರವಣಿಗೆ ತಾಣ ಪೂರ್ತಿ ಉಚಿತ, ರಿಪೋರ್ಟಿನ ಯಾವ ಭಾಗದಲ್ಲಿ ಏನಿರಬೇಕು ಅನ್ನುವುದಕ್ಕೆ ಆ ಸ್ಪೈರಲ್ ನೋಟ್ಸಿಗಿಂತ ಎಷ್ಟೋ ಚೆನ್ನಾಗಿದೆ. ಎನ್‌ಪಿಟೆಲ್‌ನಲ್ಲಿ ಐಐಟಿಯವರು ಮಾಡಿದ ಟೆಕ್ನಿಕಲ್ ಇಂಗ್ಲಿಷ್ ಪಾಠಗಳಿವೆ, ನೋಡುವುದಕ್ಕೆ ಫೀಸಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಕಟ್ಟಬೇಕು. ಬ್ರಿಟಿಷ್ ಕೌನ್ಸಿಲ್‌ನವರ ಲರ್ನ್‌ಇಂಗ್ಲಿಷ್ ತಾಣದಲ್ಲಿ ಮಟ್ಟಕ್ಕೆ ತಕ್ಕ ಹಾಗೆ ಬರವಣಿಗೆ ಅಭ್ಯಾಸ ಸಿಗುತ್ತದೆ. ನಾನು ಮೂರನ್ನೂ ನೋಡಿದ್ದೇನೆ. ಓದುವಾಗ ಎಲ್ಲ ಗೊತ್ತಾದ ಹಾಗೆ ಇರುತ್ತದೆ, ಬರೆಯಲು ಕೂತರೆ ಅದೇ ಹಳೇ 'ಡಿಸ್ಕಸ್ಡ್ ಅಬೌಟ್'. ನಿಮ್ಮ ಹಾಳೆಯನ್ನು ಒಬ್ಬರು ಕೂತು ಓದಿ, ಇದು ನಿನಗೆ ಹೇಗೆ ಗೊತ್ತು ಅಂತ ಕೇಳುವುದು ಇವುಗಳಲ್ಲಿ ಇಲ್ಲ.

ಈಗ ಎಲ್ಲರೂ ಎಐ ಹತ್ತಿರ ಹೋಗುತ್ತಾರೆ. ನಾನೂ ಹೋದೆ. ನನ್ನ ಹರಕು ಇಂಗ್ಲಿಷ್ ಕೊಟ್ಟು ಫಾರ್ಮಲ್ ಮಾಡಿಕೊಡು ಅಂದೆ. ಅರ್ಧ ನಿಮಿಷದಲ್ಲಿ ಇಸ್ತ್ರಿ ಮಾಡಿದ ಹಾಗೆ ಬಂತು, ಒಂದು ತಪ್ಪಿಲ್ಲ. ಎರಡನೇ ಸಲ ಓದಿದಾಗ ನೋಡಿದರೆ, 'ಎಲ್ಲ ಆಪರೇಟರುಗಳಿಗೂ ಮರುತರಬೇತಿ ಕೊಡಲಾಗಿದೆ' ಅಂತ ಒಂದು ಸಾಲು. ನಾವು ಯಾರಿಗೂ ಏನೂ ಕೊಟ್ಟಿರಲಿಲ್ಲ. ಇಂಥ ರಿಪೋರ್ಟುಗಳಲ್ಲಿ ಆ ಸಾಲು ಸಾಮಾನ್ಯ ಅಂತ ಅದೇ ಸೇರಿಸಿಕೊಂಡಿರಬೇಕು. ಆಡಿಟ್‌ಗೆ ಬಂದವರು ಟ್ರೈನಿಂಗ್ ರಿಜಿಸ್ಟರ್ ತೋರಿಸಿ ಅಂದರೆ ನಾನು ಏನು ತೋರಿಸಬೇಕಿತ್ತು? ಈಗ ನಾನೇ ಬರೆದು, ಅದಕ್ಕೆ ಕೊಟ್ಟು, ಸ್ಪೆಲಿಂಗ್ ಮತ್ತು ವ್ಯಾಕರಣ ಮಾತ್ರ ನೋಡು, ಹೊಸದಾಗಿ ಏನೂ ಸೇರಿಸಬೇಡ ಅಂತ ಹೇಳುತ್ತೇನೆ. ಆದರೂ ಒಂದೊಂದು ಸಾಲೂ ಪಕ್ಕದಲ್ಲಿಟ್ಟು ನೋಡುತ್ತೇನೆ. 'ಮೇ' ಅಂತ ಇದ್ದಿದ್ದನ್ನು ಅಳಿಸಿ ಗಟ್ಟಿ ಮಾಡಿಬಿಡುವ ಚಾಳಿ ಅದಕ್ಕಿದೆ. ಮತ್ತೆ 'ಅಂತೆ' ಹೋಗುತ್ತದೆ.

ಆ 8ಡಿ ಏನಾಯಿತು ಅಂದರೆ, ಆರನೇ ವಾರದ ಹೊತ್ತಿಗೆ ಮತ್ತೆ ಮೊದಲಿಂದ ಬರೆದೆ. ಬರೆಯಲು ಹೋದರೆ ಗೊತ್ತಿಲ್ಲದ್ದೇ ಜಾಸ್ತಿ ಅಂತ ಕಂಡಿತು. ಹಾಗಾಗಿ ಮೊದಲು ಪೆನ್ನು ಬಿಟ್ಟು ಶಾಪ್ ಫ್ಲೋರಿಗೆ ಹೋದೆ. ರಾತ್ರಿ ಪಾಳಿಯ ಹುಡುಗನ ಜೊತೆ ಟೀ ಕುಡಿಯುತ್ತಾ ಕೇಳಿದೆ. ಅವನು ಹೇಳಿದ್ದು ಇದು: ಬೋರಿಂಗ್ ಟೂಲಿನ ಇನ್ಸರ್ಟ್, ಅಂದರೆ ತುದಿಯಲ್ಲಿರುವ ಕೊರೆಯುವ ತುಂಡು, ಸವೆಯುತ್ತಾ ಹೋದ ಹಾಗೆ ಬೋರ್ ಚಿಕ್ಕದಾಗುತ್ತದೆ, ಅದನ್ನು ಸರಿ ಮಾಡಲು ಸ್ವಲ್ಪ ಸ್ವಲ್ಪ ಆಫ್‌ಸೆಟ್ ಕೊಡುತ್ತಾ ಹೋಗುತ್ತಾರೆ. ರಾತ್ರಿ 2.10ಕ್ಕೆ ಹೊಸ ಇನ್ಸರ್ಟ್ ಹಾಕಿದ. ಹಳೆಯ ಆಫ್‌ಸೆಟ್ ಹಾಗೇ ಉಳಿಯಿತು. ಹೊಸ ತುದಿ, ಹಳೇ ಆಫ್‌ಸೆಟ್, ಬೋರ್ ದೊಡ್ಡದಾಯಿತು. 2.50ಕ್ಕೆ ಗಂಟೆಗೊಂದು ಸಲದ ಚೆಕಿಂಗ್‌ನಲ್ಲಿ ಅವನೇ ಕಂಡುಹಿಡಿದು ಸರಿ ಮಾಡಿದ. ನಡುವಿನ 11 ಪೀಸು ತೆಗೆದಿಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಎಲ್ಲೂ ಬರೆದೂ ಇರಲಿಲ್ಲ. ಮಾಲೆಲ್ಲ ಮತ್ತೆ ಅಳೆದಾಗ ಪುಣೆಯ 4 ಬಿಟ್ಟು ನಮ್ಮ ಸ್ಟೋರಿನಲ್ಲಿ ಇನ್ನೂ 7 ಸಿಕ್ಕವು. ಲೆಕ್ಕ ಸರಿಹೋಯಿತು.

ಅಂದರೆ ನಾನು 'ಚೆಕ್ ಮಾಡಲಿಲ್ಲ' ಅಂತ ಬರೆದು ವಾರ್ನಿಂಗ್ ಕೊಟ್ಟಿದ್ದೇವೆ ಅಂದಿದ್ದೆನಲ್ಲ, ಆ ಹುಡುಗ ಚೆಕ್ ಮಾಡಿದ್ದ. ಕಂಡುಹಿಡಿದಿದ್ದೇ ಅವನು. ಇದು ನೆನಪಾದರೆ ಈಗಲೂ ಮುಜುಗರ ಆಗುತ್ತದೆ. ಇಂಗ್ಲಿಷ್ ತಪ್ಪಿದ್ದಕ್ಕೆ ಇಷ್ಟು ಆಗಿರಲಿಲ್ಲ.

ಹೊಸ ರಿಪೋರ್ಟಿನ ಮೊದಲ ಸಾಲಿನಲ್ಲೇ 11 ಪೀಸು, ಸಮಯ, ಮೆಷಿನ್ ನಂಬರ್. ಮೂಲ ಕಾರಣದಲ್ಲಿ ಮನುಷ್ಯನ ಮೇಲೆ ದೂರಿಲ್ಲ. ಇನ್ಸರ್ಟ್ ಬದಲಿಸಿದ ಮೇಲೆ ಆಫ್‌ಸೆಟ್ ಸೊನ್ನೆ ಮಾಡಿ ಮೊದಲ ಪೀಸು ಅಳೆಯಬೇಕು, ಅಳತೆ ತಪ್ಪಿದರೆ ಹಿಂದಿನ ಒಳ್ಳೆಯ ಚೆಕ್‌ವರೆಗಿನ ಎಲ್ಲ ಪೀಸು ತೆಗೆದಿಡಬೇಕು ಅನ್ನುವ ಎರಡು ಸಾಲು ಕೆಲಸದ ಸೂಚನೆಯಲ್ಲಿ ಇರಲಿಲ್ಲ ಅಂತ. ಈಗ ಸೇರಿಸಿದೆವು, ಕನ್ನಡದಲ್ಲೇ ಬರೆದು ಮೆಷಿನ್ ಪಕ್ಕ ಅಂಟಿಸಿದೆವು. ದೊಡ್ಡ ಪದ ಒಂದೂ ಇಲ್ಲ. 'ಯುಟಿಲೈಸ್' ಅಂತ ಬರೆದಿದ್ದ ಒಂದನ್ನು ಸರ್ 'ಯೂಸ್' ಮಾಡಿದರು. ಪುಣೆಯವರು ಎರಡು ದಿನಕ್ಕೆ 'ಕ್ಲೋಸ್ಡ್' ಅಂತ ಕಳಿಸಿದರು, ಪ್ರಶ್ನೆ ಇಲ್ಲ. ಎಂಟನೇ ಜಾಗದಲ್ಲಿ ಆ ಹುಡುಗನ ಹೆಸರು ಬರೆದಿದ್ದೆ.

ಹಾಗಾದರೆ ಸೇರಬಹುದಾ? ಮೇಡಂ ಒಬ್ಬರೇ ಮಾಡುವ ಬ್ಯಾಚಿಗೆ ಬೇಡ, ಅದಕ್ಕೆ 7,500 ಜಾಸ್ತಿಯಾಯಿತು. ಸರ್ ನಾಲ್ಕು ವಾರ ಮಾತ್ರ ಮಾಡಿ ಮೂರು ಸಾವಿರ ತೆಗೆದುಕೊಂಡರೆ ಇವತ್ತೇ ಇನ್ನೊಬ್ಬರನ್ನು ಕಳಿಸುತ್ತೇನೆ. ಬೇರೆ ಎಲ್ಲೇ ಸೇರುವುದಾದರೂ ಡೆಮೊ ಕ್ಲಾಸಿನಲ್ಲಿ ಕೂತು ಮರುಳಾಗಬೇಡಿ, ಮಾತು ಎಲ್ಲರದೂ ಚೆನ್ನಾಗಿರುತ್ತದೆ. ನೀವು ಬರೆದ ಒಂದು ಪುಟ ತೆಗೆದುಕೊಂಡು ಹೋಗಿ, ಅಲ್ಲೇ ತಿದ್ದಿಕೊಡಿ ಅನ್ನಿ. ವ್ಯಾಕರಣ ಮಾತ್ರ ತಿದ್ದುತ್ತಾರಾ, ಇಲ್ಲ ಒಳಗಿರುವುದರ ಬಗ್ಗೆಯೂ ಕೇಳುತ್ತಾರಾ ನೋಡಿ. ತಿದ್ದುವವರಿಗೆ ಕನ್ನಡ ಬಂದರೆ ಇನ್ನೂ ಒಳ್ಳೆಯದು, ನಮ್ಮ ತಪ್ಪು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿರುತ್ತದೆ.

ಸರ್ ನಂಬರ್ ನನ್ನ ಹತ್ತಿರ ಇದೆ. ತಿಂಗಳಿಗೊಂದು ಸಲ ಒಂದು ಪುಟದ ಫೋಟೋ ಕಳಿಸುತ್ತೇನೆ, ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಅದರ ಫೋಟೋ ವಾಪಸ್ ಕಳಿಸುತ್ತಾರೆ. ದುಡ್ಡು ಬೇಡ ಅಂತಾರೆ, ತಿಪಟೂರಿಗೆ ಹೋದಾಗ ನಾಲ್ಕು ತೆಂಗಿನಕಾಯಿ ತಂದುಕೊಡುತ್ತೇನೆ. ಮೊನ್ನೆ ಕಳಿಸಿದ್ದರಲ್ಲಿ ಎರಡೇ ಸುತ್ತು ಇತ್ತು. ಎರಡೂ 'ದ'. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದರು: ಯಾವ ರಾಜ?